ದುರಸ್ತಿ ಮಾಹಿತಿ ವ್ಯವಸ್ಥೆ ಮತ್ತು ಬಿಡಿಭಾಗಗಳ ಸೂಚಿಪಟ್ಟಿಯ ಜೋಡಣೆ: ಸಾರ್ವಜನಿಕರಿಗೆ ಮಾಹಿತಿ

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ರೈತರು, ಯಂತ್ರೋಪಕರಣಗಳ ಮಾಲೀಕರು ಹಾಗೂ ಗ್ರಾಹಕರ ಉಪಯೋಗಕ್ಕಾಗಿ)

1. ಪೀಠಿಕೆ

ಚಿತ್ರದುರ್ಗವು ರಾಜ್ಯದಲ್ಲಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲೊಂದು. ವೇದಾವತಿ ನದಿಗೆ ಅಡ್ಡಲಾಗಿ ಹಿರಿಯೂರು ತಾಲ್ಲೂಕಿನಲ್ಲಿ ನಿರ್ಮಿಸಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ಅಚ್ಚುಕಟ್ಟು ಪ್ರದೇಶವನ್ನು ಹೊರತುಪಡಿಸಿದರೆ, ಇಲ್ಲಿನ ಅಡಿಕೆ, ತೆಂಗು ಮತ್ತು ದಾಳಿಂಬೆ ತೋಟಗಳು ಬಹುಮಟ್ಟಿಗೆ ಕೊಳವೆ ಬಾವಿಗಳನ್ನೇ ಅವಲಂಬಿಸಿವೆ. ಬೇಸಿಗೆಯಲ್ಲಿ ಪಂಪ್‌ಸೆಟ್ ಒಂದು ವಾರ ನಿಂತರೆ ಹಲವು ವರ್ಷ ಸಾಕಿದ ತೋಟಕ್ಕೆ ಅಪಾಯ ಒದಗುತ್ತದೆ. ಬಿತ್ತನೆಯ ಹದದಲ್ಲಿ ಟ್ರ್ಯಾಕ್ಟರ್ ಅಥವಾ ಒಕ್ಕಣೆಯ ಕಾಲದಲ್ಲಿ ಒಕ್ಕಣೆ ಯಂತ್ರ ನಿಂತಾಗಲೂ ಪರಿಸ್ಥಿತಿ ಇದೇ ಆಗಿರುತ್ತದೆ.

ಇಂತಹ ಸಂದರ್ಭಗಳಲ್ಲಿ ವಿಳಂಬಕ್ಕೆ ಕಾರಣ ಯಾವಾಗಲೂ ಮೆಕ್ಯಾನಿಕ್‌ಗಳ ಕೊರತೆಯಲ್ಲ. ಅನೇಕ ವೇಳೆ ದೋಷವೇನೆಂಬುದು ಮೊದಲ ದಿನವೇ ತಿಳಿದಿರುತ್ತದೆ. ಆದರೆ ಆ ದೋಷಕ್ಕೆ ಬೇಕಾದ ಬಿಡಿಭಾಗ ಯಾವುದು, ಅದರ ಸರಿಯಾದ ಸಂಖ್ಯೆ ಏನು, ಅದು ಎಲ್ಲಿ ದೊರೆಯುತ್ತದೆ ಎಂಬುದು ತಿಳಿದಿರುವುದಿಲ್ಲ. ಈ ಅಂತರವನ್ನು ನಿವಾರಿಸುವ ಕ್ರಮವೇ ದುರಸ್ತಿ ಮಾಹಿತಿ ಮತ್ತು ಬಿಡಿಭಾಗಗಳ ಸೂಚಿಪಟ್ಟಿಯ ಜೋಡಣೆ. ಸದರಿ ಕ್ರಮ ಏನು, ಅದು ಹೇಗೆ ಕೆಲಸ ಮಾಡುತ್ತದೆ, ಅದರ ಪ್ರಯೋಜನ ಪಡೆಯಲು ಸಾರ್ವಜನಿಕರು ಏನು ಮಾಡಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಇದು ಹೊಸ ಯೋಜನೆಯ ಘೋಷಣೆಯಲ್ಲ. ಈಗಾಗಲೇ ಲಭ್ಯವಿರುವ ಅನುಕೂಲಗಳ ವಿವರಣೆ ಮಾತ್ರ.

2. ಪದಗಳ ವಿವರಣೆ

ಅ) ದುರಸ್ತಿ ಮಾಹಿತಿ ವ್ಯವಸ್ಥೆ: ಯಂತ್ರದ ಗುರುತು, ಖರೀದಿಯ ದಿನಾಂಕ, ಕಂಡುಬಂದ ದೋಷ, ಕೈಗೊಂಡ ದುರಸ್ತಿ, ಬದಲಾಯಿಸಿದ ಭಾಗ ಮತ್ತು ತಗುಲಿದ ವೆಚ್ಚವನ್ನು ದಾಖಲಿಸುವ ಕ್ರಮ. ಇದು ಗಣಕಯಂತ್ರದಲ್ಲಿರಬಹುದು ಅಥವಾ ಒಂದು ನೋಟ್‌ಪುಸ್ತಕದಲ್ಲಿರಬಹುದು.

ಆ) ಬಿಡಿಭಾಗಗಳ ಸೂಚಿಪಟ್ಟಿ: ತಯಾರಕರು ಪ್ರತಿ ಮಾದರಿಗೆ ಪ್ರತ್ಯೇಕವಾಗಿ ಸಿದ್ಧಪಡಿಸುವ ಪಟ್ಟಿ. ಇದರಲ್ಲಿ ಯಂತ್ರವನ್ನು ಬಿಚ್ಚಿ ಹರಡಿದಂತೆ ತೋರಿಸುವ ಚಿತ್ರವಿದ್ದು, ಚಿತ್ರದ ಪ್ರತಿ ಭಾಗಕ್ಕೂ ಒಂದು ಕ್ರಮಸಂಖ್ಯೆ ಮತ್ತು ಭಾಗ ಸಂಖ್ಯೆ ಇರುತ್ತದೆ.

ಇ) ಜೋಡಣೆ: ದುರಸ್ತಿಯ ದಾಖಲೆಯಲ್ಲಿ ದೋಷವನ್ನು ಬರೆದ ಕೂಡಲೇ, ಅದೇ ಯಂತ್ರದ ಸೂಚಿಪಟ್ಟಿಯಲ್ಲಿರುವ ಸರಿಯಾದ ಭಾಗ ಸಂಖ್ಯೆ, ಬೆಲೆ ಮತ್ತು ದಾಸ್ತಾನಿನ ವಿವರ ದೊರೆಯುವಂತೆ ಎರಡನ್ನೂ ಕೂಡಿಸುವುದು.

ವ್ಯಾಪಾರದ ಲೆಕ್ಕಪತ್ರಗಳನ್ನು ಬಲ್ಲವರಿಗೆ ಇದನ್ನು ಸುಲಭವಾಗಿ ಹೀಗೆ ಹೇಳಬಹುದು: ದೈನಂದಿನ ವಹಿಯ ನಮೂದಿನ ಎದುರು ಖಾತೆಪುಸ್ತಕದ ಪುಟಸಂಖ್ಯೆಯನ್ನು ಬರೆಯುತ್ತೇವೆ. ಆ ಒಂದು ಸಂಖ್ಯೆ ಇಲ್ಲದಿದ್ದರೆ ಎರಡೂ ಪುಸ್ತಕಗಳು ಸರಿಯಿದ್ದರೂ ಲೆಕ್ಕ ತಾಳೆಯಾಗುವುದಿಲ್ಲ. ದುರಸ್ತಿಯಲ್ಲಿ ಆ ಪುಟಸಂಖ್ಯೆಯ ಕೆಲಸವನ್ನು ಭಾಗ ಸಂಖ್ಯೆ ಮಾಡುತ್ತದೆ.

3. ಜೋಡಣೆ ಇಲ್ಲದಿದ್ದರೆ ಆಗುವ ನಷ್ಟ

ಉದಾಹರಣೆಗೆ, ಹೊಸದುರ್ಗ ತಾಲ್ಲೂಕಿನ ರೈತರೊಬ್ಬರ ಸಬ್‌ಮರ್ಸಿಬಲ್ ಪಂಪ್ ನೀರೆತ್ತುವುದನ್ನು ನಿಲ್ಲಿಸಿದೆ ಎಂದು ಭಾವಿಸೋಣ. ಪಂಪನ್ನು ಪೈಪ್ ಸಮೇತ ನೂರಾರು ಅಡಿ ಆಳದಿಂದ ಮೇಲೆತ್ತಬೇಕು. ಬಿಚ್ಚಿ ನೋಡಿದಾಗ ಬುಷ್ ಸವೆದಿರುವುದು ಕಂಡುಬರುತ್ತದೆ. ಅಂಗಡಿಯಲ್ಲಿ "ಏಳೂವರೆ ಎಚ್‌ಪಿ ಪಂಪಿನ ಬುಷ್" ಎಂದು ಕೇಳಿದರೆ ಸಾಲದು. ಒಂದೇ ಅಶ್ವಶಕ್ತಿಯ ಪಂಪುಗಳು ಹಲವು ತಯಾರಕರಲ್ಲಿ, ಒಬ್ಬರೇ ತಯಾರಕರ ಹಲವು ಮಾದರಿಗಳಲ್ಲಿ, ಬೇರೆ ಬೇರೆ ಹಂತಗಳ ಸಂಖ್ಯೆಯಲ್ಲಿ ಇರುತ್ತವೆ. ಮಾದರಿ ತಿಳಿಯದೆ ತಂದ ಬುಷ್ ಸಡಿಲವಾಗಿದ್ದರೂ ಹೇಗೋ ಕೂರಿಸಿ ಪಂಪನ್ನು ಇಳಿಸಿದರೆ ಕೆಲವೇ ದಿನಗಳಲ್ಲಿ ಮತ್ತೆ ಎತ್ತಬೇಕಾಗುತ್ತದೆ.

ಇಲ್ಲಿ ನಷ್ಟವಾದದ್ದು ಬುಷ್‌ನ ಬೆಲೆ ಮಾತ್ರವಲ್ಲ. ಪಂಪ್ ಎತ್ತಿ ಇಳಿಸುವ ಕೂಲಿ ಎರಡು ಬಾರಿ, ಚಿತ್ರದುರ್ಗ ಅಥವಾ ದಾವಣಗೆರೆಗೆ ಹೋಗಿಬರುವ ವೆಚ್ಚ ಎರಡು ಬಾರಿ, ಎಲ್ಲಕ್ಕಿಂತ ಮಿಗಿಲಾಗಿ ನೀರಿಲ್ಲದ ದಿನಗಳು. ಭಾಗದ ಬೆಲೆ ಅತ್ಯಲ್ಪವಾಗಿದ್ದು ಅದರ ಹುಡುಕಾಟದ ವೆಚ್ಚ ಅದಕ್ಕಿಂತ ಅನೇಕ ಪಟ್ಟು ಹೆಚ್ಚಾಗುವುದು ಇಂತಹ ದುರಸ್ತಿಗಳಲ್ಲಿ ಸಾಮಾನ್ಯ.

4. ಜೋಡಣೆಯ ನಾಲ್ಕು ಕೊಂಡಿಗಳು

(1) ಯಂತ್ರದ ಗುರುತು: ತಯಾರಕರ ಹೆಸರು, ಮಾದರಿ ಸಂಖ್ಯೆ ಮತ್ತು ಕ್ರಮಸಂಖ್ಯೆ. ಟ್ರ್ಯಾಕ್ಟರ್‌ಗೆ ಚಾಸಿಸ್ ಮತ್ತು ಎಂಜಿನ್ ಸಂಖ್ಯೆ. ಪಂಪ್‌ಸೆಟ್‌ಗೆ ನಾಮಫಲಕದ ವಿವರ.

(2) ದೋಷದ ವಿವರಣೆ: "ಓಡುತ್ತಿಲ್ಲ" ಎಂಬುದು ದೂರು, ದೋಷವಲ್ಲ. ಸದ್ದು, ಬಿಸಿ, ಸೋರಿಕೆ, ವಿದ್ಯುತ್ ಪ್ರವಾಹದ ಏರಿಕೆ ಮುಂತಾದ ಲಕ್ಷಣಗಳಿಂದ ದೋಷವನ್ನು ಗುರುತಿಸಬೇಕು.

(3) ಭಾಗ ಸಂಖ್ಯೆ: ಗುರುತು ಮತ್ತು ದೋಷ ಸೇರಿದಾಗ ಸೂಚಿಪಟ್ಟಿಯ ಸಂಬಂಧಪಟ್ಟ ಚಿತ್ರ ಹಾಗೂ ಭಾಗ ಸಂಖ್ಯೆ ದೊರೆಯುತ್ತದೆ. ತಯಾರಕರು ಹಳೆಯ ಭಾಗದ ಬದಲಿಗೆ ಹೊಸದನ್ನು ತಂದಿದ್ದರೆ ಪರಿಷ್ಕೃತ ಸಂಖ್ಯೆಯನ್ನು ನೋಡಬೇಕು.

(4) ದಾಸ್ತಾನು ಮತ್ತು ಬೆಲೆ: ಆ ಸಂಖ್ಯೆಯ ಭಾಗ ಯಾವ ಮಾರಾಟಗಾರರಲ್ಲಿದೆ, ಬೆಲೆ ಎಷ್ಟು, ತರಿಸಲು ಎಷ್ಟು ದಿನ ಬೇಕು ಎಂಬ ವಿವರ.

ಈ ನಾಲ್ಕರಲ್ಲಿ ಮೊದಲನೆಯದು ಸಂಪೂರ್ಣವಾಗಿ ಮಾಲೀಕರ ಕೈಯಲ್ಲಿದೆ. ಅದು ತಪ್ಪಿದರೆ ಉಳಿದ ಮೂರೂ ತಪ್ಪುತ್ತವೆ.

ಮಾಹಿತಿಯು ಹಿಮ್ಮುಖವಾಗಿಯೂ ಹರಿಯಬೇಕೆಂಬುದನ್ನು ಗಮನಿಸಬೇಕು. ತಾಲ್ಲೂಕು ಮಟ್ಟದ ಮಾರಾಟಗಾರರು ಎಲ್ಲ ಭಾಗಗಳನ್ನೂ ಇಟ್ಟುಕೊಳ್ಳಲಾರರು; ಮಾರಾಟವಾಗದ ಸರಕು ಎಂದರೆ ಕಪಾಟಿನಲ್ಲಿ ಕೂತ ಬಂಡವಾಳ. ದಾಸ್ತಾನು ನಿರ್ವಹಣೆಯಲ್ಲಿ ಸರಕನ್ನು ಬೇಗ ಹೋಗುವುದು, ನಿಧಾನವಾಗಿ ಹೋಗುವುದು, ಹೋಗದೇ ಇರುವುದು ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಯಾವ ಭಾಗ ಯಾವ ತಿಂಗಳಲ್ಲಿ ಎಷ್ಟು ಬೇಕಾಯಿತು ಎಂಬ ದುರಸ್ತಿ ದಾಖಲೆ ಇದ್ದರೆ ಮಾತ್ರ ಈ ವಿಂಗಡಣೆ ಸರಿಯಾಗುತ್ತದೆ. ಹೊಳಲ್ಕೆರೆಯ ಮೆಕ್ಕೆಜೋಳದ ಒಕ್ಕಣೆಗೆ ಮುನ್ನವೇ ಬೆಲ್ಟ್‌ಗಳು, ಬೇಸಿಗೆಗೆ ಮುನ್ನವೇ ಪಂಪಿನ ಭಾಗಗಳು ಅಂಗಡಿಗೆ ಬರಬೇಕಾದರೆ ಕಳೆದ ವರ್ಷದ ದುರಸ್ತಿಗಳು ಬರಹದಲ್ಲಿರಬೇಕು.

5. ಕೈಪಂಪು: ಗಣಕಯಂತ್ರವಿಲ್ಲದೆ ಸಾಧಿಸಿದ ಜೋಡಣೆ

ಈ ಜೋಡಣೆಗೆ ಗಣಕಯಂತ್ರ ಅನಿವಾರ್ಯವಲ್ಲ ಎಂಬುದಕ್ಕೆ ನಮ್ಮ ಗ್ರಾಮಗಳಲ್ಲಿ ಕಾಣಸಿಗುವ ಇಂಡಿಯಾ ಮಾರ್ಕ್-2 ಕೈಪಂಪೇ ನಿದರ್ಶನ. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಎರಕದ ಕಬ್ಬಿಣದ ಪಂಪುಗಳು ಒಂದು ಕುಟುಂಬದ ಬಳಕೆಗೆಂದು ರೂಪಿಸಿದವಾಗಿದ್ದು, ಇಡೀ ಊರಿನ ಬಳಕೆಯನ್ನು ತಾಳದೆ ಪದೇ ಪದೇ ಕೆಡುತ್ತಿದ್ದವು. ಮಹಾರಾಷ್ಟ್ರದ ಜಾಲ್ನಾ ಮತ್ತು ಸೊಲ್ಲಾಪುರಗಳಲ್ಲಿ ರೂಪುಗೊಂಡ ಉತ್ತಮ ಮಾದರಿಗಳನ್ನು ಆಧರಿಸಿ, ಯುನಿಸೆಫ್ ಸಂಸ್ಥೆಯ ನೆರವಿನೊಂದಿಗೆ 1970ರ ದಶಕದಲ್ಲಿ ಮಾರ್ಕ್-2 ಪಂಪನ್ನು ಅಭಿವೃದ್ಧಿಪಡಿಸಲಾಯಿತು. 1979ರಲ್ಲಿ ಇದಕ್ಕೆ ಐಎಸ್ 9301 ಎಂಬ ಭಾರತೀಯ ಮಾನಕ ದೊರೆಯಿತು.

ಮಾನಕದ ಪರಿಣಾಮ ಮಹತ್ವದ್ದು. ಹಿಡಿಕೆ, ಸರಪಳಿ, ಅಚ್ಚು, ಬೇರಿಂಗ್, ಸಂಪರ್ಕ ಸರಳು, ಸಿಲಿಂಡರ್, ಕಪ್ ವಾಷರ್ ಮುಂತಾದ ಪ್ರತಿ ಭಾಗದ ಅಳತೆಯೂ ನಿಗದಿಯಾದುದರಿಂದ, ಒಬ್ಬ ತಯಾರಕರ ಪಂಪಿಗೆ ಇನ್ನೊಬ್ಬ ತಯಾರಕರ ಭಾಗ ಹೊಂದುವಂತಾಯಿತು. ಮೆಕ್ಯಾನಿಕ್ ಕಲಿತ ದುರಸ್ತಿ ಕ್ರಮ, ಉಗ್ರಾಣದ ಪಟ್ಟಿ ಮತ್ತು ಖರೀದಿಯ ಆದೇಶ ಮೂರರಲ್ಲಿಯೂ ಒಂದೇ ಹೆಸರು, ಒಂದೇ ಅಳತೆ. ಮುಂದೆ ಬಂದ ಮಾರ್ಕ್-3 ಮಾದರಿಯಲ್ಲಿ (ಐಎಸ್ 13056) ಕೊಳವೆಗಳನ್ನು ಮೇಲೆತ್ತದೆಯೇ ಕೆಳಗಿನ ಪಿಸ್ಟನ್ ಭಾಗವನ್ನು ಹೊರತೆಗೆಯುವ ಅನುಕೂಲವನ್ನೂ ಒದಗಿಸಲಾಯಿತು.

ಪಂಪ್‌ಸೆಟ್‌ಗಳಿಗೂ ಮಾನಕಗಳಿವೆ. ಸಬ್‌ಮರ್ಸಿಬಲ್ ಪಂಪ್‌ಸೆಟ್‌ಗೆ ಐಎಸ್ 8034, ಅದರ ಮೋಟಾರಿಗೆ ಐಎಸ್ 9283, ಮಾನೋಸೆಟ್ ಪಂಪಿಗೆ ಐಎಸ್ 9079, ತೆರೆದ ಬಾವಿಯ ಸಬ್‌ಮರ್ಸಿಬಲ್‌ಗೆ ಐಎಸ್ 14220. ಆದರೆ ಕೈಪಂಪಿನ ಮಾನಕದಂತೆ ಇವು ಎಲ್ಲ ಒಳಭಾಗಗಳನ್ನೂ ಏಕರೂಪಗೊಳಿಸುವುದಿಲ್ಲ. ಆದುದರಿಂದ ಐಎಸ್ಐ ಗುರುತಿರುವ ಎರಡು ಪಂಪುಗಳ ಇಂಪೆಲ್ಲರ್ ಅಥವಾ ಬುಷ್ ಪರಸ್ಪರ ಹೊಂದಬೇಕೆಂದಿಲ್ಲ. ಇವುಗಳಿಗೆ ತಯಾರಕರ ಸೂಚಿಪಟ್ಟಿಯೇ ಆಧಾರ.

6. ಸಂಖ್ಯೆಗಳನ್ನು ಓದುವ ಬಗೆ

ಕೆಲವು ಭಾಗಗಳ ಸಂಖ್ಯೆ ಜಗತ್ತಿನ ಎಲ್ಲೆಡೆ ಒಂದೇ ಆಗಿರುತ್ತದೆ. ಬಾಲ್ ಬೇರಿಂಗ್ ಇದಕ್ಕೆ ಉತ್ತಮ ಉದಾಹರಣೆ. 6204 ಎಂಬ ಬೇರಿಂಗ್‌ನ ಕೊನೆಯ ಎರಡು ಅಂಕಿಗಳಾದ 04ನ್ನು 5ರಿಂದ ಗುಣಿಸಿದರೆ ಒಳವ್ಯಾಸ 20 ಮಿ.ಮೀ. ದೊರೆಯುತ್ತದೆ, ಅದರ ಹೊರವ್ಯಾಸ 47 ಮಿ.ಮೀ., ಅಗಲ 14 ಮಿ.ಮೀ. ಸಂಖ್ಯೆಯ ಮುಂದೆ ಝಡ್‌ಝಡ್ ಎಂದಿದ್ದರೆ ಎರಡೂ ಕಡೆ ಲೋಹದ ಮುಚ್ಚಳವಿದೆ, 2ಆರ್‌ಎಸ್ ಎಂದಿದ್ದರೆ ಎರಡೂ ಕಡೆ ರಬ್ಬರ್ ಸೀಲ್ ಇದೆ ಎಂದರ್ಥ. ಯಾವ ತಯಾರಕರ 6204 ಆದರೂ ಇದೇ ಅಳತೆಯಲ್ಲಿರುತ್ತದೆ.

ವಿ-ಬೆಲ್ಟ್‌ನ ಮೇಲೆ ಬಿ-60 ಎಂದಿದ್ದರೆ ಬಿ ಎಂಬುದು ಅಡ್ಡಕೊಯ್ತದ ಗಾತ್ರವನ್ನೂ, 60 ಎಂಬುದು ಅಂಗುಲಗಳಲ್ಲಿ ಒಳಸುತ್ತಿನ ಉದ್ದವನ್ನೂ ಸೂಚಿಸುತ್ತದೆ. ಹಳೆಯ ಬೆಲ್ಟ್ ಎಸೆಯುವ ಮುನ್ನ ಈ ಅಕ್ಷರ ಮತ್ತು ಅಂಕಿಯನ್ನು ಬರೆದಿಟ್ಟುಕೊಂಡರೆ ಒಕ್ಕಣೆಯ ದಿನ ಊರೂರು ಅಲೆಯುವುದು ತಪ್ಪುತ್ತದೆ.

ಸೂಚಿಪಟ್ಟಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಒಂದೇ ಭಾಗಕ್ಕೆ ಹಿರಿಯೂರಿನ ಗ್ಯಾರೇಜಿನಲ್ಲಿ ಒಂದು ಹೆಸರು, ಹೊಳಲ್ಕೆರೆಯಲ್ಲಿ ಇನ್ನೊಂದು ಹೆಸರು ಇರಬಹುದು. ಸಂಖ್ಯೆಗೆ ಈ ತೊಡಕಿಲ್ಲ. ಹೆಸರಿನಲ್ಲಿ ಅನುಮಾನವಿದ್ದಾಗ ಸಂಖ್ಯೆಯನ್ನೇ ಕೇಳತಕ್ಕದ್ದು.

7. ಇತರೆಡೆಯ ಅನುಭವ ಮತ್ತು ಭಾರತದಲ್ಲಿ ಕೈಗೊಂಡ ಕ್ರಮಗಳು

* ವಿಮಾನಯಾನ ಕ್ಷೇತ್ರದಲ್ಲಿ 1956ರಲ್ಲಿಯೇ ದುರಸ್ತಿ ಕೈಪಿಡಿಗೂ ಬಿಡಿಭಾಗಗಳ ಸೂಚಿಗೂ ಒಂದೇ ಅಧ್ಯಾಯ ಸಂಖ್ಯೆಗಳನ್ನು ಗೊತ್ತುಪಡಿಸಲಾಯಿತು. ವಿಮಾನ ಯಾವುದೇ ಇರಲಿ, ಇಳಿಚಕ್ರಗಳ ವಿಷಯ 32ನೆಯ ಅಧ್ಯಾಯದಲ್ಲಿರುತ್ತದೆ.

* ಫ್ರಾನ್ಸ್ ದೇಶವು 2021ರ ಜನವರಿಯಿಂದ ಕೆಲವು ಉಪಕರಣಗಳ ಮೇಲೆ ದುರಸ್ತಿ ಯೋಗ್ಯತೆಯ ಅಂಕವನ್ನು ಪ್ರದರ್ಶಿಸುವುದನ್ನು ಕಡ್ಡಾಯಗೊಳಿಸಿತು. ದುರಸ್ತಿ ದಾಖಲೆಗಳ ಲಭ್ಯತೆ, ಬಿಡಿಭಾಗಗಳ ಲಭ್ಯತೆ ಮತ್ತು ಅವುಗಳ ಬೆಲೆ ಈ ಅಂಕಕ್ಕೆ ಆಧಾರಗಳಲ್ಲಿ ಸೇರಿವೆ.

* ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರ ವಿರುದ್ಧ ನೀಡಿದ ಆದೇಶದಲ್ಲಿ, ಬಿಡಿಭಾಗಗಳು ಮತ್ತು ದೋಷ ಪತ್ತೆಯ ಸಾಧನಗಳು ಸ್ವತಂತ್ರ ಗ್ಯಾರೇಜುಗಳಿಗೂ ದೊರೆಯಬೇಕೆಂದು ತಿಳಿಸಿತು. ಈ ಆದೇಶ ನಂತರ ಮೇಲ್ಮನವಿಗೆ ಒಳಪಟ್ಟಿತು.

* ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನದಂದು, ದುರಸ್ತಿಯ ಹಕ್ಕಿಗೆ ಸಂಬಂಧಿಸಿದ "ರೈಟ್ ಟು ರಿಪೇರ್" ಅಂತರ್ಜಾಲ ತಾಣವನ್ನು ಆರಂಭಿಸಿತು. ಕೃಷಿ ಉಪಕರಣಗಳು, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಸಾಧನಗಳು, ಗೃಹೋಪಯೋಗಿ ವಸ್ತುಗಳು ಹಾಗೂ ವಾಹನಗಳು ಎಂಬ ನಾಲ್ಕು ವಲಯಗಳಲ್ಲಿ, ತಯಾರಕರ ಕೈಪಿಡಿ, ಬಿಡಿಭಾಗಗಳ ವಿವರ, ವಾರಂಟಿ ಹಾಗೂ ಸೇವಾ ಕೇಂದ್ರಗಳ ಮಾಹಿತಿಯನ್ನು ಒಂದೆಡೆ ತರುವುದು ಇದರ ಉದ್ದೇಶ. ಕೃಷಿ ಉಪಕರಣಗಳೂ ಇದರಲ್ಲಿ ಸೇರಿರುವುದು ನಮ್ಮ ಜಿಲ್ಲೆಯ ಮಟ್ಟಿಗೆ ಮುಖ್ಯ.

8. ಮಾಲೀಕರು ಅನುಸರಿಸಬೇಕಾದ ಕ್ರಮ

ಅ) ಖರೀದಿಯ ಸಮಯದಲ್ಲಿ ಬಿಲ್, ವಾರಂಟಿ ಪತ್ರ, ಬಳಕೆಯ ಕೈಪಿಡಿ ಮತ್ತು ಬಿಡಿಭಾಗಗಳ ಸೂಚಿಪಟ್ಟಿಯನ್ನು ಕೇಳಿ ಪಡೆಯಬೇಕು. ಬಿಲ್ಲಿನಲ್ಲಿ ಮಾದರಿ ಮತ್ತು ಕ್ರಮಸಂಖ್ಯೆ ನಮೂದಾಗಿರುವುದನ್ನು ಸ್ಥಳದಲ್ಲಿಯೇ ಯಂತ್ರದೊಂದಿಗೆ ತಾಳೆ ನೋಡಬೇಕು.

ಆ) ಸಬ್‌ಮರ್ಸಿಬಲ್ ಪಂಪ್ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಪಂಪನ್ನು ಇಳಿಸಿದ ಮೇಲೆ ನಾಮಫಲಕವೂ ಅದರೊಂದಿಗೆ ಭೂಮಿಯೊಳಗೆ ಹೋಗುತ್ತದೆ. ಆದ್ದರಿಂದ ಇಳಿಸುವ ಮುನ್ನ ನಾಮಫಲಕದ ಛಾಯಾಚಿತ್ರ ತೆಗೆದು, ಮಾದರಿ, ಕ್ರಮಸಂಖ್ಯೆ, ಹಂತಗಳ ಸಂಖ್ಯೆ, ಇಳಿಸಿದ ಆಳ ಮತ್ತು ದಿನಾಂಕವನ್ನು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿನ ಒಳಮುಖದಲ್ಲಿ ಅಳಿಸಿಹೋಗದಂತೆ ಬರೆಸಬೇಕು. ಹೀಗೆ ಮಾಡಿದ್ದರೆ ಪಂಪನ್ನು ಎತ್ತುವ ಮುನ್ನವೇ ಬೇಕಾಗಬಹುದಾದ ಭಾಗಗಳ ಲಭ್ಯತೆಯನ್ನು ವಿಚಾರಿಸಲು ಸಾಧ್ಯ.

ಇ) ಪ್ರತಿ ಯಂತ್ರಕ್ಕೂ ಒಂದು ಪುಟವಿರುವ ದಾಖಲೆ ಪುಸ್ತಕ ಇಡಬೇಕು. ಮಾದರಿ ನಮೂನೆ ಈ ಕೆಳಗಿನಂತಿದೆ:

ಯಂತ್ರದ ಹೆಸರು ಮತ್ತು ತಯಾರಕರು: ........
ಮಾದರಿ / ಕ್ರಮಸಂಖ್ಯೆ: ........
ಖರೀದಿ ದಿನಾಂಕ / ಬಿಲ್ ಸಂಖ್ಯೆ / ವಾರಂಟಿ ಮುಕ್ತಾಯ: ........
ದುರಸ್ತಿಯ ದಿನಾಂಕ: ........
ಕಂಡುಬಂದ ದೋಷ: ........
ಬದಲಾಯಿಸಿದ ಭಾಗದ ಹೆಸರು ಮತ್ತು ಸಂಖ್ಯೆ: ........
ಭಾಗದ ಬೆಲೆ / ಕೂಲಿ: ........
ಯಂತ್ರ ನಿಂತ ದಿನಗಳು: ........

ಈ) ಬದಲಾಯಿಸಿದ ಹಳೆಯ ಭಾಗವನ್ನು ಮೆಕ್ಯಾನಿಕ್‌ನಿಂದ ಹಿಂದಕ್ಕೆ ಪಡೆಯಬೇಕು. ಅದರ ಮೇಲಿನ ಸಂಖ್ಯೆ ಮುಂದಿನ ಖರೀದಿಗೆ ಆಧಾರ.

ಉ) ಪೊಟ್ಟಣದಲ್ಲಿ ಬರುವ ಬಿಡಿಭಾಗದ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕರು ಸಂಪರ್ಕಿಸಬಹುದಾದ ವಿವರ ಇರುವುದನ್ನು ಪರಿಶೀಲಿಸಬೇಕು. ಇವು 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳನ್ವಯ ಅಗತ್ಯ ಘೋಷಣೆಗಳಾಗಿವೆ.

9. ಯಾವ ಕೆಲಸಕ್ಕೆ ಎಲ್ಲಿ ಸಂಪರ್ಕಿಸಬೇಕು

* ಕೃಷಿ ಯಂತ್ರೋಪಕರಣಗಳ ಸಹಾಯಧನ ಮತ್ತು ಬಾಡಿಗೆ ಸೇವೆಯ ಮಾಹಿತಿ: ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರ. ಫ್ರೂಟ್ಸ್ ನೋಂದಣಿ ಸಂಖ್ಯೆ ಜೊತೆಯಲ್ಲಿರಲಿ.

* ತಾಂತ್ರಿಕ ಸಲಹೆ: ಹಿರಿಯೂರು ತಾಲ್ಲೂಕಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರ, ಕಿಸಾನ್ ಕಾಲ್ ಸೆಂಟರ್ ಉಚಿತ ದೂರವಾಣಿ 1800-180-1551.

* ಯಂತ್ರಗಳ ನಿರ್ವಹಣೆ ಮತ್ತು ದುರಸ್ತಿ ತರಬೇತಿ: ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ ಕೇಂದ್ರ ಸರ್ಕಾರದ ದಕ್ಷಿಣ ವಲಯ ಕೃಷಿ ಯಂತ್ರೋಪಕರಣಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ.

* ವಿದ್ಯುತ್ ಪರಿವರ್ತಕ ಕೆಟ್ಟಿದ್ದಲ್ಲಿ: ಬೆಸ್ಕಾಂ ಸಹಾಯವಾಣಿ 1912. ದೂರು ನೀಡುವಾಗ ಆರ್.ಆರ್. ಸಂಖ್ಯೆ ತಿಳಿಸಿ, ದೂರಿನ ಸಂಖ್ಯೆ ಪಡೆಯಬೇಕು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕಾರ್ಯನಿರ್ವಹಣಾ ಮಾನದಂಡದಂತೆ ಕೆಟ್ಟ ಪರಿವರ್ತಕವನ್ನು ಪಟ್ಟಣಗಳಲ್ಲಿ 24 ಗಂಟೆ, ಗ್ರಾಮೀಣ ಪ್ರದೇಶದಲ್ಲಿ 72 ಗಂಟೆಗಳೊಳಗೆ ಬದಲಾಯಿಸಬೇಕು.

* ಗ್ರಾಮದ ಕೈಪಂಪು ಮತ್ತು ಕಿರು ನೀರು ಸರಬರಾಜು: ಗ್ರಾಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ.

* ವಾರಂಟಿ ನಿರಾಕರಣೆ ಅಥವಾ ಬಿಡಿಭಾಗದ ಬಗ್ಗೆ ದೂರು: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಪರಿಹಾರ ದೊರೆಯದಿದ್ದಲ್ಲಿ ಚಿತ್ರದುರ್ಗದಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಿಲ್ಲಿನಲ್ಲಿರುವ ಎಚ್‌ಎಸ್‌ಎನ್ ಸಂಖ್ಯೆಯೇ ಭಾಗ ಸಂಖ್ಯೆಯೇ?
ಉತ್ತರ: ಅಲ್ಲ. ಅದು ತೆರಿಗೆಯ ವರ್ಗೀಕರಣದ ಸಂಖ್ಯೆ. ಎಲ್ಲ ಬಾಲ್ ಬೇರಿಂಗ್‌ಗಳೂ 8482 ಎಂಬ ಶೀರ್ಷಿಕೆಯಲ್ಲಿ ಬರುತ್ತವೆ. ಅದನ್ನು ತೋರಿಸಿ ಬಿಡಿಭಾಗ ಕೇಳಿದರೆ ಸರಿಯಾದ ಭಾಗ ದೊರೆಯದು.

ಪ್ರಶ್ನೆ: ತಯಾರಕರ ಭಾಗವನ್ನೇ ಕೊಳ್ಳಬೇಕೇ?
ಉತ್ತರ: ಬೇರಿಂಗ್, ವಿ-ಬೆಲ್ಟ್ ಮುಂತಾದ ಮಾನಕ ಭಾಗಗಳಲ್ಲಿ ಅದೇ ಸಂಖ್ಯೆಯ, ಗುಣಮಟ್ಟವುಳ್ಳ ಯಾವುದೇ ತಯಾರಕರ ಭಾಗ ಹೊಂದುತ್ತದೆ. ಮಾದರಿಗೆ ವಿಶಿಷ್ಟವಾದ ಭಾಗಗಳಿಗೆ ಸೂಚಿಪಟ್ಟಿಯ ಸಂಖ್ಯೆಯನ್ನೇ ಅನುಸರಿಸುವುದು ಕ್ಷೇಮ. ವಾರಂಟಿ ಅವಧಿಯಲ್ಲಿ ಅದರ ಷರತ್ತುಗಳನ್ನು ಓದಿ ಮುಂದುವರಿಯಬೇಕು.

ಪ್ರಶ್ನೆ: ಮಾರಾಟಗಾರರು ಬಿಲ್ ನೀಡದಿದ್ದರೆ?
ಉತ್ತರ: ಬಿಲ್ ನೀಡದಿರುವುದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿತವಾಗಿದೆ. ದೂರು ನೀಡಬಹುದು.

ಪ್ರಶ್ನೆ: ಆಯೋಗಕ್ಕೆ ದೂರು ಸಲ್ಲಿಸಲು ಶುಲ್ಕ ಮತ್ತು ಕಾಲಮಿತಿ ಏನು?
ಉತ್ತರ: ಸರಕಿಗೆ ಅಥವಾ ಸೇವೆಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದಲ್ಲಿ ಶುಲ್ಕವಿಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ಸಲ್ಲಿಸಬೇಕು. ಬಿಲ್, ವಾರಂಟಿ ಪತ್ರ ಮತ್ತು ಮೇಲೆ ತಿಳಿಸಿದ ದಾಖಲೆ ಪುಟದ ಪ್ರತಿಯನ್ನು ಲಗತ್ತಿಸುವುದು ಒಳ್ಳೆಯದು.

ಪ್ರಶ್ನೆ: ಗ್ರಾಮದ ಕೈಪಂಪಿನ ದುರಸ್ತಿಗೆ ಯಾವ ಭಾಗ ಬದಲಾಯಿಸಲಾಯಿತು, ಎಷ್ಟು ವೆಚ್ಚವಾಯಿತು ಎಂದು ತಿಳಿಯಬಹುದೇ?
ಉತ್ತರ: ತಿಳಿಯಬಹುದು. ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿದಲ್ಲಿ ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ನೀಡಬೇಕು.

11. ಮುಕ್ತಾಯ

ಸಕಾಲ ಯೋಜನೆಯು 2012ರಲ್ಲಿ ರಾಜ್ಯದಾದ್ಯಂತ ವಿಸ್ತರಣೆಗೊಳ್ಳುವ ಮುನ್ನ ಪ್ರಾಯೋಗಿಕವಾಗಿ ಜಾರಿಗೊಂಡ ತಾಲ್ಲೂಕುಗಳಲ್ಲಿ ಚಿತ್ರದುರ್ಗವೂ ಒಂದಾಗಿತ್ತು. ಅರ್ಜಿ ಕೊಟ್ಟವರ ಕೈಗೆ 15 ಅಂಕಿಗಳ ಒಂದು ಸಂಖ್ಯೆ ಬಂದಾಗ, ಕಡತ ಎಲ್ಲಿದೆ ಎಂದು ಮೇಜಿನಿಂದ ಮೇಜಿಗೆ ಕೇಳುತ್ತ ಹೋಗುವ ಬದಲು ಆ ಸಂಖ್ಯೆಯನ್ನು ಹಿಡಿದು ವಿಚಾರಿಸುವುದು ಸಾಧ್ಯವಾಯಿತು. ಯಂತ್ರದ ದುರಸ್ತಿಯಲ್ಲಿ ಮಾದರಿ ಸಂಖ್ಯೆ ಮತ್ತು ಭಾಗ ಸಂಖ್ಯೆಗಳ ಉಪಯೋಗವೂ ಇದೇ ಬಗೆಯದು.

ಆದುದರಿಂದ ಬೇಸಿಗೆ ಆರಂಭವಾಗುವ ಮೊದಲೇ ತಮ್ಮಲ್ಲಿರುವ ಪ್ರತಿ ಯಂತ್ರದ ನಾಮಫಲಕದ ವಿವರವನ್ನು ಬರೆದಿಟ್ಟುಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ. ಇದಕ್ಕೆ ಅರ್ಜಿ ಬೇಕಿಲ್ಲ, ಶುಲ್ಕವೂ ಇಲ್ಲ. ಪಂಪ್ ನಿಂತ ದಿನ ಅಂಗಡಿಗೆ ಮೊದಲು ತೆಗೆದುಕೊಂಡು ಹೋಗಬೇಕಾದ ಕಾಗದ ಇದೇ ಆಗಿರುತ್ತದೆ.

ಸೂಚನೆ: ಈ ಪುಟದ ವಿವರಗಳು ಸಾಮಾನ್ಯ ಮಾಹಿತಿಗಾಗಿ ಮಾತ್ರ. ಸಹಾಯಧನ, ಶುಲ್ಕ ಮತ್ತು ಕಾಲಮಿತಿಗಳ ಬಗ್ಗೆ ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.